ಜಲಜಕ್ಕನ ಹತ್ತು ಬೆರಳು

ಬಿಸಿ ಎಂಬುದು ಜಲಜಕ್ಕನಿಗೆ ಬೇರೆಯವರು ಹೇಳಿ ಗೊತ್ತಿದ್ದ ಸಂಗತಿ. ಕಾದ ಕಾವಲಿಯ ಮೇಲಿನ ನೀರುದೋಸೆಯನ್ನು ಸಟ್ಟುಗ ಮುಟ್ಟದೆ ಬರಿ ಬೆರಳಲ್ಲೇ ಎತ್ತಿ, ನಾಲ್ಕು ಮಡಿಕೆ ಮಾಡಿ, ತಟ್ಟೆಗೆ ಹಾಕುತ್ತಿದ್ದರು. ಕುದಿಯುವ ಸಾರಿನ ಪಾತ್ರೆ ಇಳಿಸಲು ಬಟ್ಟೆ ಹುಡುಕಿದವರಲ್ಲ. ಮೊದಲ ಸಲ ಅದನ್ನು ಕಂಡು ನಾನು "ಅಯ್ಯ, ಕೈ ಸುಡ್ತದ್ರಿ!" ಎಂದು ಕೂಗಿಕೊಂಡಾಗ ಅವರು ಹಿಂದೆ ತಿರುಗಿ, "ಯಾರದ್ದು?" ಎಂದು ಕೇಳಿದರು.

ನವಿ ಮುಂಬಯಿಯ ಕೋಪರಖೈರಣೆಯ ನಮ್ಮ ಕಟ್ಟಡದಲ್ಲಿ ನೆಲಮಹಡಿಯ ಮೊದಲ ಮನೆ ಅವರದು. ಉಡುಪಿ ಕಡೆಯವರು. ಮದುವೆಯಾಗಿ ಬಂದದ್ದು ಕಲ್ಯಾಣದ ಪಕ್ಕದ ಶಹಾಡ್‌ಗೆ. ಗಂಡ ಶೀನಣ್ಣ ಅಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತಿದ್ದರು, ಅಡಿಗೆಮನೆ ಜಲಜಕ್ಕನದು. ಇಪ್ಪತ್ತು ವರ್ಷ ಮೂರು ಪಾಳಿಯ ಕೆಲಸಗಾರರಿಗೆ ದೋಸೆ ಹೊಯ್ದು, ಹುಣಸೆಹಣ್ಣು ಕಿವುಚಿ, ಬೂದಿ ಹಾಕಿ ಪಾತ್ರೆ ತಿಕ್ಕಿದ ಕೈ ಅದು. ಕಾರ್ಖಾನೆ ಮುಚ್ಚಿದ ಮೇಲೆ ಶೀನಣ್ಣ ವಾಶಿ ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿಯ ಗುಮಾಸ್ತರಾದರು. ಜಲಜಕ್ಕ ಮನೆಯಲ್ಲೇ ಕುಳಿತು ಸುತ್ತಲಿನ ಮನೆಗಳಿಗೆ ನೀರುದೋಸೆ, ಗೋಳಿಬಜೆ ಮಾಡಿ ಕೊಡತೊಡಗಿದರು.

ನಾನು ಕಲ್ಯಾಣದಲ್ಲಿ ಬೆಳೆದವಳು, ತವರಿನ ಮೂಲ ವಿಜಯಪುರ. ಮದುವೆಯಾದ ವರ್ಷ ಆ ಕಟ್ಟಡದ ಮೂರನೆಯ ಮಹಡಿಗೆ ಬಾಡಿಗೆಗೆ ಬಂದೆವು. ಟೆಂಪೋದಿಂದ ಸಾಮಾನು ಇನ್ನೂ ಇಳಿದಿರಲಿಲ್ಲ, ಜಲಜಕ್ಕ ಬಾಗಿಲಲ್ಲಿ ನಿಂತು ವಿಚಾರಣೆ ಆರಂಭಿಸಿದರು. ಯಾವ ಊರು, ಅಪ್ಪ ಎಂಥ ಮಾಡ್ತಾರೆ, ಲವ್ ಮ್ಯಾರೇಜಾ ನೋಡಿ ಮಾಡಿದ್ದಾ, ಅತ್ತೆ ಒಟ್ಟಿಗೆ ಇರ್ತಾರಾ. ನಾನು ಹಲ್ಲು ಕಚ್ಚಿಕೊಂಡು ಉತ್ತರಿಸುತ್ತ ಹೋದೆ. "ಗಂಡನಿಗೆ ಸಿಟ್ಟು ಬರ್ತದಾ?" ಎಂದಾಗ ಮಾತ್ರ ತಡೆಯಲಾಗಲಿಲ್ಲ.

"ಅದೆಲ್ಲಾ ನಿಮಗ್ಯಾಕ ಬೇಕ್ರೀ?"

ಅವರಿಗೆ ಒಂದಿಷ್ಟೂ ಬೇಸರವಾಗಲಿಲ್ಲ. "ಹಾಗಾದ್ರೆ ನಿಂಗೆ ಬರ್ತದೆ" ಎಂದು ಗುರುತು ಹಾಕಿಕೊಂಡರು.

ಜಲಜಕ್ಕನ ಮನೆಯ ಬಾಗಿಲು ಬೆಳಿಗ್ಗೆ ಐದೂವರೆಗೆ ತೆರೆದರೆ ರಾತ್ರಿ ಮಲಗುವಾಗಲೇ ಮುಚ್ಚುವುದು. ಬಾಗಿಲಿಗೆ ನೇರವಾಗಿ ಗ್ರೈಂಡರು, ಗ್ರೈಂಡರಿನ ಪಕ್ಕ ಅವರ ಪ್ಲಾಸ್ಟಿಕ್ ಕುರ್ಚಿ. ಅವರನ್ನು ದಾಟದೆ ಮೆಟ್ಟಿಲು ಹತ್ತಲು ದಾರಿಯೇ ಇರಲಿಲ್ಲ. ಗೇಟಿನಲ್ಲಿ ವಾಚ್‌ಮನ್ ಇದ್ದ, ಹೆಸರು ಬರೆಯುವ ಪುಸ್ತಕವೂ ಇತ್ತು. ಆದರೆ ಅದರಲ್ಲಿ ಬಂದವರು ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಜಲಜಕ್ಕನಲ್ಲಿ ಬರೆಯುವ ವ್ಯವಹಾರವೇ ಇಲ್ಲ, ಎಲ್ಲ ಬಾಯಲ್ಲಿ. ಕೊರಿಯರ್‌ನವನಾಗಲಿ, ಎಲ್‌ಐಸಿ ಏಜೆಂಟನಾಗಲಿ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಾಗಲಿ, ಅವರ ಮುಂದೆ ಎರಡು ನಿಮಿಷ ನಿಂತು, ಮನೆತನದ ವಿವರ ಕೊಟ್ಟು, ಕೆಲವೊಮ್ಮೆ ಮಜ್ಜಿಗೆಯನ್ನೂ ಕುಡಿದು ಮೇಲೆ ಹೋಗಬೇಕು. ಅವರ ಹಿಂದಿಯಲ್ಲಿ ಅರ್ಧ ತುಳು, ಕಾಲು ಭಾಗ ಮರಾಠಿ ಇರುತ್ತಿತ್ತು. ಆದರೂ ಉತ್ತರ ಕೊಡದೆ ಪಾರಾದವರನ್ನು ನಾನು ಕಂಡಿಲ್ಲ.

ಇದು ಕೆಲವರಿಗೆ ಕಿರಿಕಿರಿ. ನನಗೂ ಮೊದಲ ವರ್ಷ ಕಿರಿಕಿರಿಯೇ. ಸೊಸೈಟಿಯ ಸೆಕ್ರೆಟರಿಯವರು ಗೇಟಿಗೆ ಕ್ಯಾಮೆರಾ ಹಾಕಿಸಿದಾಗ, "ಇನ್ನು ಮುಂದೆ ಯಾರೂ ಯಾರನ್ನೂ ಏನೂ ಕೇಳುವ ಅಗತ್ಯವಿಲ್ಲ, ಎಲ್ಲರ ಪ್ರೈವಸಿ ಉಳಿಯುತ್ತದೆ" ಎಂದು ಮೀಟಿಂಗಿನಲ್ಲಿ ಹೇಳಿದರು. ಹೇಳುವಾಗ ಎಲ್ಲ ಬಿಟ್ಟು ಜಲಜಕ್ಕನ ಕಡೆಗೇ ನೋಡಿದರು. ಜಲಜಕ್ಕ ಹೋಗಿ ಕ್ಯಾಮೆರಾದ ಟೀವಿಯ ಮುಂದೆ ಹತ್ತು ನಿಮಿಷ ಕುಳಿತು ಬಂದರು.

"ನೋಡ್ತದೆ, ಸರಿ. ಬಾಯಿ ಇಲ್ವಾ ಇದಕ್ಕೆ?"

ಎರಡು ತಿಂಗಳಲ್ಲಿ ಆ ಸೆಕ್ರೆಟರಿಯವರ ಮಗನ ಹೊಸ ಸೈಕಲ್ಲೇ ಕಳುವಾಯಿತು. ಎಲ್ಲರೂ ಟೀವಿಯ ಮುಂದೆ ಸೇರಿದರು. ಕ್ಯಾಮೆರಾ ಪ್ರಾಮಾಣಿಕವಾಗಿ ತೋರಿಸಿದ್ದು ಒಂದು ಟೋಪಿ, ಒಂದು ಭುಜ, ಹಿಂದಿನ ಚಕ್ರ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಬಂದ ಜಲಜಕ್ಕ ಒಂದು ಸಲ ಇಣುಕಿದರು.

"ಇವ ನಮ್ಮ ಪ್ರಕಾಶ ಅಲ್ವಾ?"

"ಯಾವ ಪ್ರಕಾಶ್ರೀ?" ಎಂದೆ ನಾನು.

"ತುರ್ಭೆಯವ. ತಾಯಿಗೆ ಮಂಡಿನೋವು. ತಂಗಿಗೆ ಡೊಂಬಿವಲಿಯಲ್ಲಿ ಗಂಡು ನೋಡಿದ್ದಾರೆ. ಕೇಬಲಿನವ ಅಂತ ಹೇಳಿದ. ಕೈಯಲ್ಲಿ ಒಂದು ತುಂಡು ವಯರಾದ್ರೂ ಬೇಡ್ವಾ ಮಾರಾಯ್ತಿ? ನಂಗೆ ಆಗ್ಲೇ ಸಂಶಯ."

"ಸಂಶಯ ಇದ್ರ ಒಳಗ್ಯಾಕ ಬಿಟ್ರಿ?"

"ಮಜ್ಜಿಗೆ ಕುಡೀತಾ ಇದ್ದ. ಅರ್ಧದಲ್ಲಿ ಎಬ್ಬಿಸ್ಲಿಕ್ಕೆ ಆಗ್ತದಾ?"

ಶೀನಣ್ಣ ತುರ್ಭೆಗೆ ಹೋಗಿ ಆ ತಾಯಿಯ ಹತ್ತಿರ ಮಾತಾಡಿ ಬಂದರು. ಸಂಜೆಗೆ ಸೈಕಲ್ ಗೇಟಿಗೆ ಒರಗಿ ನಿಂತಿತ್ತು. ಕ್ಯಾಮೆರಾ ಅದನ್ನೂ ಚೆನ್ನಾಗಿ ತೋರಿಸಿತಂತೆ.

ಹೀಗೆ ಊರವರನ್ನೆಲ್ಲ ತಡೆದು ವಿಚಾರಿಸುತ್ತಿದ್ದ ಜಲಜಕ್ಕನನ್ನೇ ಒಂದು ದೇಶ ತಡೆದು ವಿಚಾರಿಸಿದ ಕಥೆ ಇನ್ನು ಮುಂದಿನದು. ಅವರ ಒಬ್ಬಳೇ ಮಗಳು ಶ್ವೇತಾ ಮದುವೆಯಾಗಿ ಗಲ್ಫಿಗೆ ಹೋಗಿದ್ದಳು. ಯಾವ ದೇಶ ಎಂದು ನಾನು ಹೇಳುವುದಿಲ್ಲ. ಜಲಜಕ್ಕನೂ ಹೇಳುತ್ತಿರಲಿಲ್ಲ, "ಆಚೆ" ಎನ್ನುತ್ತಿದ್ದರು, ಬೀದಿಯ ಆಚೆ ಎಂಬಂತೆ. ಶ್ವೇತಾಗೆ ದಿನ ತುಂಬುತ್ತಿತ್ತು. ಡಾಕ್ಟರು ಪ್ರಯಾಣ ಬೇಡ ಎಂದಿದ್ದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಅಲ್ಲಿಗೆ ಹೋಗಬೇಕು ಎಂದು ಜಲಜಕ್ಕ ತೀರ್ಮಾನಿಸಿದರು. ಹೆರಿಗೆಯ ಹೊತ್ತಿಗೆ ಮಗಳ ಪಕ್ಕದಲ್ಲಿರಬೇಕು, ನಲವತ್ತು ದಿನ ಬಾಣಂತನ ಮಾಡಬೇಕು. ಅವರ ಜೀವಮಾನದಲ್ಲಿ ಅಷ್ಟು ಹಟದಿಂದ ಬೇರೆ ಏನನ್ನೂ ಬಯಸಿದ್ದನ್ನು ನಾನು ನೋಡಿಲ್ಲ.

ವೀಸಾದ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು. ನಾನು ವಾಶಿಯಲ್ಲಿ ಬಂದರಿನ ಸರಕಿಗೆ ಕಸ್ಟಮ್ಸ್ ಕಾಗದ ಮಾಡಿಸುವ ಆಫೀಸಿನಲ್ಲಿದ್ದೆ. ಮೆಣಸಿನಕಾಯಿ, ಬಟ್ಟೆ, ಬೋಲ್ಟು, ನಟ್ಟು, ಯಾವುದು ಬೇಕಾದರೂ ಗಡಿ ದಾಟುವಂತೆ ಫಾರ್ಮು ತುಂಬುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಹಮ್ಮು ಬೇರೆ. ಒಬ್ಬ ಹೆಂಗಸನ್ನು ದಾಟಿಸುವುದು ಎಷ್ಟರ ಕೆಲಸ ಎಂದುಕೊಂಡೆ. ಆ ದೇಶದವರು ಆಗಷ್ಟೇ ವೀಸಾಕ್ಕೆ ಹತ್ತೂ ಬೆರಳಿನ ಅಚ್ಚು ಕೇಳತೊಡಗಿದ್ದರು. ಥಾಣೆಯಲ್ಲಿ ಲೋಕಲ್ ಗಾಡಿ ಬದಲಾಯಿಸಿ ಇಬ್ಬರೂ ಮುಂಬಯಿಯ ವೀಸಾ ಸೆಂಟರಿಗೆ ಹೋದೆವು.

ಕೌಂಟರಿನಲ್ಲಿ ಒಬ್ಬಳು ಚಿಕ್ಕ ಹುಡುಗಿ. ಮುಂದೆ ಹಸಿರು ಬೆಳಕಿನ ಒಂದು ಗಾಜು. ಜಲಜಕ್ಕ ಬಲಗೈಯ ನಾಲ್ಕು ಬೆರಳು ಇಟ್ಟರು. ಪರದೆಯ ಮೇಲೆ ಒರೆಸಿದ ಹಲಗೆಯಂಥ ನಾಲ್ಕು ಬೂದು ಕಲೆಗಳು ಮೂಡಿದವು, ಒಂದು ಗೆರೆಯೂ ಇಲ್ಲ. "ಜೋರ್ ಸೇ ದಬಾಯಿಯೇ, ಮಾಜೀ" ಎಂದಳು ಹುಡುಗಿ. ಜಲಜಕ್ಕ ಒತ್ತಿದ ಒತ್ತಿಗೆ ಯಂತ್ರವೇ ಮೇಜಿನ ಆಚೆ ಸರಿಯಿತು. ಎಡಗೈ ಇಟ್ಟರು. ಹೆಬ್ಬೆರಳು ಇಟ್ಟರು. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟರು, ಒಣ ಬಟ್ಟೆಯಲ್ಲಿ ಒರೆಸಿ ಇಟ್ಟರು. ಈ ಮಧ್ಯೆ ಹುಡುಗಿ ಡೊಂಬಿವಲಿಯವಳೆಂದೂ, ಇನ್ನೂ ಮದುವೆಯಾಗಿಲ್ಲವೆಂದೂ, ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾಳೆಂದೂ ತಿಳಿದುಕೊಂಡರು.

ಕೊನೆಗೆ ಹುಡುಗಿ ಸೋತು, "ಮಾಜೀ, ಆಪ್‌ಕೇ ಫಿಂಗರ್ ನಹೀಂ ಹೈಂ" ಎಂದಳು.

ಜಲಜಕ್ಕ ಎರಡೂ ಕೈಗಳನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದರು. ನನ್ನ ಕಡೆ ತಿರುಗಿ, "ಹತ್ತೂ ಉಂಟಲ್ಲ! ಎಣಿಸ್ಲಿಕ್ಕೆ ಬರುದಿಲ್ವಾ ಇವಳಿಗೆ?" ಎಂದರು.

ಬೆರಳಿದೆ, ಬೆರಳಿನ ಗೆರೆ ಸವೆದುಹೋಗಿದೆ ಎಂದು ಅವರಿಗೆ ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು. ಹುಡುಗಿ ಒಳ್ಳೆಯವಳು. ಹದಿನೈದು ದಿನ ಬೆಂಕಿ ಮುಟ್ಟಬಾರದು, ಸಾಬೂನು, ಹುಣಸೆಹಣ್ಣು, ನಿಂಬೆಹಣ್ಣು ಮುಟ್ಟಬಾರದು, ಎಣ್ಣೆ ಹಚ್ಚುತ್ತಿರಬೇಕು, ಗೆರೆ ತಾನೇ ಚಿಗುರುತ್ತದೆ, ಆಮೇಲೆ ಬನ್ನಿ ಎಂದಳು. ಸೂಚನೆಗಳ ಒಂದು ಅಚ್ಚಿನ ಕಾಗದವನ್ನೂ ಕೊಟ್ಟಳು. ವಾಪಸು ಬರುವಾಗ ಗಾಡಿಯಲ್ಲಿ ಜಲಜಕ್ಕ ತಮ್ಮ ಬೆರಳ ತುದಿಗಳನ್ನು ಮೊದಲ ಸಲ ನೋಡುವವರಂತೆ ನೋಡಿಕೊಳ್ಳುತ್ತಿದ್ದರು. "ಇಷ್ಟು ವರ್ಷ ಇವನ್ನೇ ನಂಬಿದ್ದು ನಾನು. ಈಗ ಇವು ನನ್ನದಲ್ಲ ಅಂತದೆ ಆ ಗಾಜು" ಎಂದರು. ಹೆರಿಗೆಗೆ ಇನ್ನೂ ಐದು ವಾರ ಇತ್ತು. ಸಮಯವಿದೆ ಎಂದು ನಾನು ಧೈರ್ಯ ಹೇಳಿದೆ.

ಆ ಹದಿನೈದು ದಿನ ನಮ್ಮ ಕಟ್ಟಡ ಕಂಡ ಅತ್ಯಂತ ಕಷ್ಟದ ದಿನಗಳು. ಜಲಜಕ್ಕ ಎರಡೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಮೇಲೆ ಶೀನಣ್ಣನ ಬಿಳಿ ಕಾಲುಚೀಲ ಹಾಕಿಕೊಂಡು, ಕುರ್ಚಿಯಲ್ಲಿ ಕುಳಿತರು. ಕೈಗೆ ಕೆಲಸ ತಪ್ಪಿದ್ದೇ ಬಾಯಿಗೆ ಎರಡು ಪಾಳಿ ಆಯಿತು. ಮೊದಲು ಎರಡು ನಿಮಿಷ ನಿಲ್ಲುತ್ತಿದ್ದವರು ಈಗ ಹದಿನೈದು ನಿಮಿಷ ನಿಲ್ಲಬೇಕಾಯಿತು. ಕೊರಿಯರ್‌ನವನು ಗೇಟಿನ ಹೊರಗಿನಿಂದಲೇ ಲಕೋಟೆ ಎಸೆದು ಓಡತೊಡಗಿದ.

ಅವರ ಮನೆಯ ಅಡಿಗೆ ನಾನು ಮತ್ತು ಎರಡನೆಯ ಮಹಡಿಯ ಪಾಟೀಲ ಕಾಕು ಹಂಚಿಕೊಂಡೆವು. ಕಾಕು ಮರಾಠಿಯವರು. ಅವರು ಮಾಡಿದ ಸಾರಿಗೆ ಬೆಲ್ಲ ಹೆಚ್ಚು ಎಂದು ಜಲಜಕ್ಕನ ತಕರಾರು. ನಾನು ಮಾಡಿದ್ದಕ್ಕೆ ಖಾರ ಹೆಚ್ಚು. ಒಂದು ದಿನ ನಾನು ನೀರುದೋಸೆ ಹೊಯ್ಯಲು ಹೋದೆ. ಕಾವಲಿಯ ಮೇಲೆ ಅದು ದೋಸೆಯೂ ಆಗದೆ ಗಂಜಿಯೂ ಆಗದೆ ನಿಂತಿತು. ಜಲಜಕ್ಕ ಕಾಲುಚೀಲದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಕುಳಿತರು. "ಮಾಡು ಮಾರಾಯ್ತಿ, ಮಾಡು. ನಾನು ನೋಡುದಿಲ್ಲ" ಎಂದರು. ಶೀನಣ್ಣ ಮಾತು ಕಡಿಮೆಯ ಮನುಷ್ಯ. ಆ ಹದಿನೈದು ದಿನದಲ್ಲಿ ಅವರು ಚಹಾ ಮಾಡಲು ಕಲಿತು, ಅದನ್ನು ಒಬ್ಬರೇ ಕುಡಿದರು.

ದಿನವೂ ಸಂಜೆ ತಪಾಸಣೆ. ಆಫೀಸಿನಿಂದ ನಾನು ನೀಲಿ ಸ್ಟ್ಯಾಂಪ್ ಪ್ಯಾಡ್ ತಂದಿದ್ದೆ. ಜಲಜಕ್ಕನ ಬಲಗೈ ಹೆಬ್ಬೆರಳನ್ನು ಅದಕ್ಕೆ ಒತ್ತಿ ಗೋಡೆಯ ಕ್ಯಾಲೆಂಡರಿನ ಆಯಾ ತಾರೀಕಿನ ಮೇಲೆ ಅಚ್ಚು ತೆಗೆಯುವುದು. ಮೊದಲ ನಾಲ್ಕು ದಿನ ಬರಿ ನೀಲಿ ಗುಂಡು. ಆರನೆಯ ದಿನ ಅಂಚಿನಲ್ಲಿ ಒಂದು ಗೆರೆ. ಪಾಟೀಲ ಕಾಕು ಕನ್ನಡಕ ಹಾಕಿ ನೋಡಿ, "ಆಲೀ ಗ! ರೇಷ್ ಆಲೀ!" ಎಂದು ಕೂಗಿದರು. ಗೆರೆ ಬಂತಂತೆ ಎಂಬ ಸುದ್ದಿ ನಾಲ್ಕನೆಯ ಮಹಡಿಯ ತನಕ ಹೋಯಿತು. ಜನ ಕ್ಯಾಲೆಂಡರ್ ನೋಡಲು ಬಂದರು, ಸೆಕ್ರೆಟರಿಯವರೂ ಬಂದರು. ಎಂಟನೆಯ ದಿನ ಇದ್ದಕ್ಕಿದ್ದಂತೆ ಮತ್ತೆ ಬರಿ ಗುಂಡು. ವಿಚಾರಣೆ ನಡೆಯಿತು. ಆವತ್ತು ಬೆಳಿಗ್ಗೆ ಐದೂವರೆಗೆ ಕಾಲುಚೀಲ ತೆಗೆದಿಟ್ಟು ಮೂರು ದೋಸೆ ಹೊಯ್ದಿದ್ದಾರೆಂದು ಶೀನಣ್ಣ ಸಾಕ್ಷಿ ಹೇಳಿದರು.

"ಮೂರೂ ನೀವೇ ತಿಂದದ್ದಲ್ವಾ!" ಎಂದು ಜಲಜಕ್ಕ ಗಂಡನ ಮೇಲೆ ಹರಿಹಾಯ್ದರು.

ಅಂದಿನಿಂದ ಕಾವಲಿ ನಮ್ಮ ಮನೆಗೆ ಬಂತು. ಹದಿಮೂರನೆಯ ದಿನ ಹೆಬ್ಬೆರಳಿನಲ್ಲಿ ಸುಳಿ ಸುಳಿಯಾಗಿ ಗೆರೆ ಎದ್ದಿತ್ತು. ಹತ್ತೂ ಬೆರಳು ಒತ್ತಿ ನೋಡಿದೆವು. ಎಂಟರಲ್ಲಿ ಸ್ಪಷ್ಟವಾಗಿತ್ತು. ನನಗೆ ಕುಣಿಯುವಷ್ಟು ಖುಷಿ.

ಹದಿನಾಲ್ಕನೆಯ ದಿನ ಸಂಜೆ ಪಾಟೀಲ ಕಾಕು ಜಲಜಕ್ಕನನ್ನು ಮನೆಗೆ ಕರೆದು ಮಡಿಲು ತುಂಬಿದರು. ತೆಂಗಿನಕಾಯಿ, ರವಿಕೆ ಕಣ, ಅಕ್ಕಿ, ಕುಂಕುಮ. ಮಗಳ ಬಾಣಂತನಕ್ಕೆ ಹೊರಟ ತಾಯಿ ಬರಿಗೈಯಲ್ಲಿ ಹೋಗಬಾರದೆಂದು ಅವರ ಸೊಸೆ ಎರಡೂ ಅಂಗೈಗೆ ಮದರಂಗಿ ಹಚ್ಚಿದಳು. ನಡುವೆ ದುಂಡು ಚಂದ್ರ, ಬೆರಳ ತುದಿಗೆಲ್ಲ ಟೋಪಿ ಹಾಕಿದಂತೆ ದಪ್ಪ ದಪ್ಪ. ನಾನು ಆಫೀಸಿನಿಂದ ನೇರವಾಗಿ ಅಲ್ಲಿಗೇ ಹೋದೆ. ನೋಡಿದೆ. "ಎಷ್ಟ ಚಂದ ಆಗೇದ್ರಿ!" ಎಂದೆ. ನನ್ನ ಕೈಯನ್ನೂ ಚಾಚಿದೆ.

ಮರುದಿನ ಕೌಂಟರಿನ ಹುಡುಗಿ ಜಲಜಕ್ಕನನ್ನು ನೋಡಿ ನಕ್ಕಳು, ಅವರು ಅವಳಿಗೆಂದು ತಂದಿದ್ದ ಚಕ್ಕುಲಿಯ ಡಬ್ಬಿ ತೆಗೆದುಕೊಂಡಳು. ಆಮೇಲೆ ಕೈ ನೋಡಿದಳು. ನಗು ಹೋಯಿತು. ಅದೇ ಅಚ್ಚಿನ ಕಾಗದ ತೆಗೆದು ಒಂಬತ್ತನೆಯ ಸಾಲಿನ ಮೇಲೆ ಪೆನ್ನಿಟ್ಟು ನನಗೆ ತೋರಿಸಿದಳು. ಬೆರಳಿಗೆ ಮದರಂಗಿ ಇರಬಾರದು. ಆ ಕಾಗದ ಹದಿನೈದು ದಿನ ನನ್ನ ಚೀಲದಲ್ಲೇ ಇತ್ತು. ನಾನು ಓದಿದ್ದೆ. ಮದರಂಗಿಯ ಸಾಲು ಬಂದಾಗ, ಇದು ಮದುಮಕ್ಕಳಿಗೆ ಬರೆದದ್ದು, ನಮಗಲ್ಲ ಎಂದು ಮುಂದಿನದಕ್ಕೆ ಹಾರಿದ್ದೆ. ಜಲಜಕ್ಕನಿಗೆ ಕನ್ನಡದಲ್ಲಿ ಹೇಳುವಾಗ ಅದನ್ನು ಹೇಳಿರಲೂ ಇಲ್ಲ. ಯಂತ್ರ ಒಂದು ಸಲ ಪ್ರಯತ್ನಿಸಿತು. ಪರದೆಯ ಮೇಲೆ ಕಪ್ಪು ಮಚ್ಚೆ ಬಿಟ್ಟರೆ ಬೇರೇನಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮದರಂಗಿ ತೆಗೆಯಲು ಕಟ್ಟಡದವರೆಲ್ಲ ಉಪಾಯ ಹೇಳಿದರು. ನಿಂಬೆಹಣ್ಣು, ಸೋಡಾಪುಡಿ, ಟೂತ್‌ಪೇಸ್ಟು. ಯಾವುದರಿಂದ ಉಜ್ಜಿದರೂ ಬಣ್ಣದ ಜೊತೆ ಹೊಸ ಗೆರೆಯೂ ಹೋಗುತ್ತಿತ್ತು. ತಾನಾಗಿ ಮಾಸುವ ತನಕ ಕಾಯುವುದೊಂದೇ ದಾರಿ. ಪಾಟೀಲ ಕಾಕುವಿನ ಸೊಸೆ ಎರಡು ದಿನ ಮೆಟ್ಟಿಲಿಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆಚೆಯಿಂದ ಫೋನ್ ಬಂತು. ಶ್ವೇತಾಗೆ ಹೇಳಿದ ದಿನಕ್ಕಿಂತ ಮೊದಲೇ ಹೆರಿಗೆಯಾಗಿತ್ತು. ಹೆಣ್ಣುಮಗು. ಪಕ್ಕದಲ್ಲಿ ಯಾರೂ ಹೆಂಗಸರಿರಲಿಲ್ಲ.

ನಾನು ಕೆಳಗೆ ಓಡಿ ಬಂದಾಗ ಜಲಜಕ್ಕ ಕುರ್ಚಿಯಲ್ಲಿ ಕೆಂಪು ಕೈಗಳನ್ನು ಮೇಲಕ್ಕೆ ಮಾಡಿಕೊಂಡು ಕುಳಿತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರನ್ನೂ ಎಲ್ಲವನ್ನೂ ಕೇಳುವ ಹೆಂಗಸು, ಆ ಸಾಲನ್ನು ಯಾಕೆ ಓದಲಿಲ್ಲ ಎಂದು ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನೇ ಅವರ ಮೊಣಕಾಲ ಹತ್ತಿರ ಕುಳಿತು ಅತ್ತೆ.

"ನಂದ ತಪ್ಪ್ರಿ ಜಲಜಕ್ಕಾರ."

"ಆಯ್ತು, ಸುಮ್ಮನಿರು. ಕೂಸು ಬಂತಲ್ಲ. ಅದಕ್ಕೆ ವೀಸಾ ಬೇಕಾಗ್ಲಿಲ್ಲ ನೋಡು" ಎಂದರು. ಆಮೇಲೆ, "ನೀನು ತಿಂಡಿ ತಿಂದ್ಯಾ?" ಎಂದರು. ಅದಕ್ಕೆ ನನಗೆ ಇನ್ನಷ್ಟು ಅಳು ಬಂತು.

ಮೂರನೆಯ ಸಲ ಯಂತ್ರಕ್ಕೆ ಏಳು ಬೆರಳು ಸಿಕ್ಕವು. ಉಳಿದ ಮೂರಕ್ಕೆ ಡೊಂಬಿವಲಿಯ ಹುಡುಗಿ ಮೇಲಿನವರನ್ನು ಕೇಳಿ ವಿನಾಯಿತಿ ಬರೆಸಿದಳು. ವೀಸಾ ಬಂತು. ಜಲಜಕ್ಕ ವಿಮಾನ ಹತ್ತುವಾಗ ನಲವತ್ತು ದಿನದ ಬಾಣಂತನದಲ್ಲಿ ಎಂಟು ದಿನ ಉಳಿದಿತ್ತು.

ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮತ್ತೆ ಅದೇ ಪಾಡು. ಬೆರಳು ಇಡಿ ಎಂದರಂತೆ, ಇಟ್ಟರಂತೆ, ಇವರು ಯಾರೋ ಗೊತ್ತಿಲ್ಲ ಎಂದಿತಂತೆ ಯಂತ್ರ. ಪಕ್ಕದ ಕೋಣೆಯಲ್ಲಿ ಕೂರಿಸಿದರು. ಕಪ್ಪು ನಿಲುವಂಗಿಯ ಒಬ್ಬ ಅಧಿಕಾರಿಣಿ, ಜಲಜಕ್ಕನ ಹಿಂದಿಯನ್ನು ಅವರಿಗೆ ತಿಳಿಸಲು ನೆಲ ಒರೆಸುವ ಕೆಲಸದ ಒಬ್ಬ ಮಲಯಾಳಿ ಹೆಂಗಸು. ಅಧಿಕಾರಿಣಿ ಹೆಸರು ಕೇಳಿದರು. ಜಲಜಕ್ಕ ಹೆಸರು ಹೇಳಿ, ಗಂಡನ ಹೆಸರು ಹೇಳಿ, ಶಹಾಡಿನ ಕ್ಯಾಂಟೀನಿನ ಕಥೆ ಹೇಳಿ, ಮಗಳ ಫ್ಲ್ಯಾಟಿನ ನಂಬರು, ಮೊಮ್ಮಗುವಿನ ತೂಕ, ಅಳಿಯನಿಗೆ ಬದನೆಕಾಯಿ ಆಗುವುದಿಲ್ಲ ಎಂಬುದನ್ನೂ ಹೇಳಿದರು. "ಎಂಥ ಮುಚ್ಚಿಡುದು ಮಾರಾಯ್ತಿ? ಕೇಳುವವರು ಸಿಕ್ಕಿದ್ದೇ ಅಪರೂಪ" ಎಂದು ಆಮೇಲೆ ನನಗೆ ಹೇಳಿದರು. ಎರಡು ಗಂಟೆಯ ನಂತರ ಶ್ವೇತಾಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಬಿಟ್ಟರಂತೆ. ಅಷ್ಟರಲ್ಲಿ ಆ ಅಧಿಕಾರಿಣಿಗೆ ಮೂವರು ಮಕ್ಕಳು, ಅತ್ತೆಯ ಜೊತೆ ಸರಿಯಿಲ್ಲ, ಸೊಂಟನೋವು ಇದೆ ಎಂಬುದೆಲ್ಲ ಜಲಜಕ್ಕನ ಹತ್ತಿರ ಬಂದಿತ್ತು. ಮೂರು ತಿಂಗಳ ನಂತರ ಹಿಂದಿರುಗುವಾಗ ಆ ಅಧಿಕಾರಿಣಿಗೆ ಕೊಡಲು ನಾರಾಯಣ ತೈಲದ ಬಾಟಲಿ ಹಿಡಿದು ಹೋಗಿದ್ದರಂತೆ. ಆವತ್ತು ಅವರ ಡ್ಯೂಟಿ ಇರಲಿಲ್ಲ.

ಅದಾದ ಮೇಲೆ ನನ್ನಲ್ಲಿ ಒಂದು ಬದಲಾವಣೆ ಆಯಿತು. ಯಾವ ಫಾರ್ಮು ಬಂದರೂ ಮೂರು ಸಲ ಓದದೆ ಸಹಿ ಹಾಕಿಸುವುದಿಲ್ಲ. ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ ನಗುತ್ತಿದ್ದರು. ನಗಲಿ. ಒಂದು ಸಾಲು ಹಾರಿದ್ದಕ್ಕೆ ಒಬ್ಬ ತಾಯಿ ಮಗಳ ಹೆರಿಗೆಯ ಹೊತ್ತಿಗೆ ತಲುಪದೆ ಹೋದದ್ದು ನನಗೆ ಗೊತ್ತಿತ್ತು.

ಆರು ವರ್ಷದ ನಂತರ ಶೀನಣ್ಣ ತೀರಿಕೊಂಡರು. ಶ್ವೇತಾ ಬಂದು ಕಾರ್ಯವೆಲ್ಲ ಮುಗಿಸಿ, ಅಮ್ಮ ಇನ್ನು ಒಬ್ಬಳೇ ಇರುವುದು ಬೇಡ, ಕಾಯಂ ನನ್ನ ಹತ್ತಿರವೇ ಇರಲಿ ಎಂದು ಹೇಳಿ ಹೋದಳು. ಹೊಸ ವೀಸಾಕ್ಕೆ ಎಲ್ಲ ಕಂಪ್ಯೂಟರಿನಲ್ಲೇ ತುಂಬಬೇಕಿತ್ತು. ಈಗ ಬೆರಳಿನ ಜೊತೆ ಮುಖವನ್ನೂ ನೋಡುತ್ತಾರಂತೆ ಎಂದಾಗ ಜಲಜಕ್ಕ, "ಅಂತೂ ಬುದ್ಧಿ ಬಂತು" ಎಂದರು. ಒಂದು ಭಾನುವಾರ ನಮ್ಮ ಮನೆಯಲ್ಲಿ ಕುಳಿತು ಒಂದೊಂದೇ ಖಾನೆ ತುಂಬುತ್ತ ಬಂದೆವು. ಕೊನೆಯ ಪುಟದಲ್ಲಿ, ಭಾರತದಲ್ಲಿ ತುರ್ತು ಸಂದರ್ಭದಲ್ಲಿ ಯಾರನ್ನು ಸಂಪರ್ಕಿಸಬೇಕು ಎಂದಿತ್ತು.

"ನಿನ್ನ ಹೆಸರು ಹಾಕು" ಎಂದರು. ಹಾಕಿದೆ. ಮುಂದಿನ ಖಾನೆ, ಸಂಬಂಧ.

"ಮಗಳು ಅಂತ ಬರಿ."

"ಹಂಗ ಬರಿಯಾಕ ಬರಂಗಿಲ್ರಿ ಜಲಜಕ್ಕಾರ. ನನ್ನ ಪಾಸ್‌ಪೋರ್ಟಿನ್ಯಾಗ ತಾಯಿ ಹೆಸರು ಬ್ಯಾರೆ ಐತಿ. ತಾಳೆ ನೋಡಿದ್ರ ಸುಳ್ಳು ಅಂತ ಗೊತ್ತಾಗ್ತದ. ಅಲ್ಲಿಂದ ವಾಪಸ್ ಕಳಸ್ತಾರ್ರಿ ನಿಮ್ಮನ್ನ."

"ಸುಳ್ಳು ಅಂತ ಯಾರು ಹೇಳಿದ್ದು?"

ನನ್ನ ಕಣ್ಣ ಮುಂದೆ ಮದರಂಗಿಯ ಆ ಒಂಬತ್ತನೆಯ ಸಾಲು ಇತ್ತು. ಇನ್ನೊಂದು ತಪ್ಪಿನಿಂದ ಇವರನ್ನು ಮತ್ತೆ ಗಡಿಯಲ್ಲಿ ನಿಲ್ಲಿಸಲಾರೆ ಎಂದುಕೊಂಡೆ. ಇಂಗ್ಲಿಷಿನಲ್ಲಿ "ನೆರೆಮನೆಯವರು" ಎಂದು ಬರೆದೆ. ಜಲಜಕ್ಕನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ, ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಬರೆದ್ಯಾ?"

"ಬರದೀನ್ರಿ."

"ಹಾಂ. ಈಗ ಸರಿ" ಎಂದರು.

ವಿಮಾನ ನಿಲ್ದಾಣಕ್ಕೆ ಅವರನ್ನು ಬಿಡಲು ನಾನೊಬ್ಬಳೇ ಹೋದೆ. ಬಾಗಿಲಲ್ಲಿ ಬಂದೂಕು ಹಿಡಿದ ಜವಾನ ಟಿಕೆಟ್, ಪಾಸ್‌ಪೋರ್ಟ್ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಜಲಜಕ್ಕನದನ್ನು ನೋಡಿ, ಹೋಗಿ ಎಂದ. ನನ್ನನ್ನು ತಡೆದ. ಒಳಗೆ ಪೆಟ್ಟಿಗೆ ಎತ್ತಿಡಲಿಕ್ಕಾದರೂ ಇವಳನ್ನು ಬಿಡು ಎಂದು ಜಲಜಕ್ಕ ತಮ್ಮ ಹಿಂದಿಯಲ್ಲಿ ವಾದಕ್ಕೆ ನಿಂತರು. ಹಿಂದೆ ಸಾಲು ಬೆಳೆಯಿತು. ಅವನು ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವ ಹುಕುಂ ಇಲ್ಲ ಎಂದ.

"ಅರೇ, ಯೇ ಮೇರೀ ಬೇಟೀ ಹೈ!" ಎಂದರು ಜಲಜಕ್ಕ. ಅವನು ನಂಬದವನಂತೆ ನಿಂತದ್ದನ್ನು ಕಂಡು ಚೀಲಕ್ಕೆ ಕೈ ಹಾಕಿ, ನಾನು ಪ್ರಿಂಟ್ ತೆಗೆದುಕೊಟ್ಟಿದ್ದ, ಮಡಚಿಟ್ಟಿದ್ದ ಫಾರ್ಮಿನ ಕಟ್ಟು ತೆಗೆದು, ಕೊನೆಯ ಪುಟ ತಿರುಗಿಸಿ, ನಾನು ಬರೆದ ಜಾಗದ ಮೇಲೆ ಬೆರಳಿಟ್ಟು ಅವನ ಮುಂದೆ ಹಿಡಿದರು. "ಇದರ್ ಲಿಖಾ ಹೈ. ದೇಖೋ."

ಅವನು ಕಾಗದ ತೆಗೆದುಕೊಂಡು ಓದಿದ. ಇಂಗ್ಲಿಷ್ ಬಲ್ಲವನು, ಕಣ್ಣು ಆ ಪದದ ಮೇಲೆ ನಿಂತದ್ದು ನನಗೆ ಕಂಡಿತು. ತಲೆ ಎತ್ತಿ ನನ್ನ ಮುಖ ನೋಡಿದ. ಜಲಜಕ್ಕನ ಮುಖ ನೋಡಿದ. ನಾನು ನೆಲ ನೋಡಿದೆ. ಅದು ನಮ್ಮ ಕೊನೆಯ ಭೇಟಿ ಎಂದು ನನಗೆ ಆಗ ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ಜಲಜಕ್ಕ ಆಚೆಯೇ ತೀರಿಕೊಂಡರು.

ಜವಾನ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ, ಎರಡೂ ಕೈಯಿಂದ ಅವರಿಗೆ ಕೊಟ್ಟ.

"ಹಾಂ, ಮಾಜೀ. ಬೇಟೀ ಹೀ ಲಿಖಾ ಹೈ" ಎಂದ.